ನಾಡಿಪುಸ್ತಕದ ಐವತ್ತೆರಡು

ಲಕೋಟೆ ಒಡೆದ ಡಾಕ್ಟರು ಹಾಗೇ ಕುಳಿತುಬಿಟ್ಟರು. ಲೆಕ್ಕ ತಲೆಕೆಳಗಾಗಿತ್ತು.

ಎದೆಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ಆರೋಗ್ಯವಂತರ ಥೈರಾಯ್ಡ್‌ಗೆ ಏನು ಮಾಡುತ್ತದೆ? ಇದು ನಮ್ಮ ಆಸ್ಪತ್ರೆಯಲ್ಲಿ ನಡೆದ ಪರೀಕ್ಷೆ. ವಾರವಿಡೀ ಅರ್ಧ ಜನರಿಗೆ ನಿಜವಾದ ಮಾತ್ರೆ, ಉಳಿದವರಿಗೆ ಬರೀ ಸಕ್ಕರೆ ಮಾತ್ರೆ. ಯಾರಿಗೆ ಯಾವುದೆಂಬುದು ಲಕೋಟೆಯೊಳಗೆ. ನಿಜವಾದ ಮಾತ್ರೆ ತಿಂದವರಲ್ಲಿ ಟಿ-ತ್ರೀ ಎಂಬ ಥೈರಾಯ್ಡ್ ಹಾರ್ಮೋನು ತುಸು ಇಳಿದಿತ್ತು—ಟೈಲರಮ್ಮ ಒಬ್ಬರನ್ನು ಬಿಟ್ಟು. ಬದಲಿಗೆ ಸಕ್ಕರೆ ಮಾತ್ರೆ ಪಾಲಿಗೆ ಬಂದಿದ್ದ ಅವರ ಗಂಡ, ಬೇಕರಿಯವರದು ಇಳಿದಿತ್ತು.

"ರಕ್ತದ ಟ್ಯೂಬ್ ಅದಲುಬದಲಾಗಿದೆ. ಲ್ಯಾಬಿನ ಹುಡುಗೀದೇ ತಪ್ಪು," ಎಂದ ಡಾಕ್ಟರು, ಅವಳನ್ನು ಕೆಲಸದಿಂದ ತೆಗೆಯುವ ಪತ್ರ ಟೈಪ್ ಮಾಡಲು ಗುಮಾಸ್ತನಾದ ನನಗೆ ಹೇಳಿದರು. ಟ್ಯೂಬಿಗೆ ಚೀಟಿ ಅಂಟಿಸಿ ಮೂರು ಸಲ ಓದುವ ಹುಡುಗಿ ಅವಳು. ಟೈಪಿಂಗ್ ಬಿಟ್ಟು ಹೆಡ್ ಸಿಸ್ಟರ್ ಬಳಿಗೆ ಓಡಿದೆ.

ಸಿಸ್ಟರ್ ಗಂಡಹೆಂಡಿರನ್ನು ಕರೆಸಿ ಡಾಕ್ಟರ ಎದುರಿಗೇ ಕೂರಿಸಿದರು.

"ಮಾತ್ರೆ ತಪ್ಪದೆ ತಗೊಂಡ್ರಾ?"

"ದಿನಾ ಎರಡು ಹೊತ್ತು. ನಮ್ಮನೆಯವ್ರೇ ಕೈಗೆ ಕೊಡ್ತಿದ್ರು," ಎಂದರು ಟೈಲರಮ್ಮ.

"ಏನಾದ್ರೂ ತೊಂದರೆ ಆಯ್ತಾ?"

"ಮೊದಲ್ನೇ ದಿನ ಮೆಟ್ಟಿಲು ಹತ್ತುವಾಗ ತಲೆ ಸುತ್ತಿತು. ಮಾರನೇ ದಿನದಿಂದ ಏನಿಲ್ಲ."

ಬೇಕರಿಯವರು ನೆಲ ನೋಡುತ್ತಿದ್ದರು.

ಸಿಸ್ಟರ್ ನಾಡಿಪುಸ್ತಕ ಬಿಚ್ಚಿದರು.

"ಡಾಕ್ಟ್ರೇ, ಟ್ಯೂಬ್ ಅದಲುಬದಲಾಗಬಹುದು. ಕೈ ಅದಲುಬದಲಾಗುತ್ತಾ? ರಕ್ತ ತೆಗೆಯೋ ಮುಂಚೆ ನಾನೇ ಕೈ ಹಿಡಿದು ಎಣಿಸಿ ಬರೆದಿದ್ದೀನಿ. ಇದನ್ನ ಯಾರೂ ನೋಡ್ಲೇ ಇಲ್ಲ. ಅಮ್ಮನ ನಾಡಿ ಎಪ್ಪತ್ತೆಂಟು. ಇವರದು ಐವತ್ತೆರಡು—ಹೋದ ವಾರ ಎಂಬತ್ತಿತ್ತು. ಸಕ್ಕರೆ ತಿಂದು ನಾಡಿ ಹೀಗೆ ಇಳಿಯುತ್ತಾ? ರಕ್ತ ಅವರವರದ್ದೇ. ಬದಲಾಗಿದ್ದು ಮಾತ್ರೆ. ಬದಲಾಯಿಸಿದ್ದು ಇವರು."

ಬೇಕರಿಯವರು ಹೆಂಡತಿಯ ಕಡೆ ತಿರುಗಿದರು. "ನಿನಗೆ ತಲೆ ಸುತ್ತಿದ್ದು ನೋಡೋಕಾಗ್ಲಿಲ್ಲ ಕಣೇ. ಬಿಟ್ಬಿಡು ಅಂದ್ರೆ ನೀನು ಕೇಳೋಳಲ್ಲ. ಆಗೋದು ನನಗೇ ಆಗ್ಲಿ ಅಂತ…"

"ಅದಕ್ಕೇನಾ ವಾರವೆಲ್ಲ ಓವನ್ ಮುಂದೆ ತೂಕಡಿಸಿದ್ದು? ನನ್ನನ್ನ ಒಂದು ಮಾತು ಕೇಳಿದ್ರಾ?" ಎಂದು ಗದರಿದರು ಟೈಲರಮ್ಮ. ಗದರುತ್ತಲೇ ಗಂಡನ ಕೈ ಹಿಡಿದುಕೊಂಡರು, ಬಿಡಲಿಲ್ಲ. ನನಗೆ ಇಬ್ಬರ ಮೇಲೂ ಪ್ರೀತಿ ಉಕ್ಕಿತು.

ಡಾಕ್ಟರು ಇಬ್ಬರ ಹೆಸರನ್ನೂ ಪರೀಕ್ಷೆಯಿಂದ ಹೊಡೆದುಹಾಕಿದರು. ಆಮೇಲೆ ತಾವೇ ಲ್ಯಾಬಿಗೆ ನಡೆದರು, ನಾನು ಹಿಂದೆ.

"ತಪ್ಪು ನಂದು ಕಣಮ್ಮ," ಎಂದರು.

ಸುದ್ದಿ ಆಗಲೇ ಮುಟ್ಟಿದ್ದ ಹುಡುಗಿ ಕಣ್ಣೊರೆಸಿಕೊಂಡು ಗಂಡಹೆಂಡಿರ ಆ ಎರಡು ಟ್ಯೂಬುಗಳನ್ನು ಎತ್ತಿಕೊಂಡಳು. ಚೀಟಿಯ ಮೇಲಿದ್ದ ಹೆಸರುಗಳನ್ನು ನಾಲ್ಕನೇ ಸಲ ಓದಿದಳು, ಈ ಸಲ ಡಾಕ್ಟರಿಗೆ ಕೇಳುವಂತೆ, ಗಟ್ಟಿಯಾಗಿ.