ನೂರ ಹನ್ನೆರಡು ಸುತ್ತು

ಗ್ಯಾಸ್ ಕಟರ್‌ನ ನೀಲಿ ಉರಿ ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು!

"ಅಲ್ಲಾಡ್ಬ್ಯಾಡ ಕಣ್ಲಾ! ಅಲ್ಲಾಡುದ್ರೆ ಮೀಸೆ ಸುಟ್ಟೋಯ್ತದೆ" ಅಂದ ಆಲೆಮನೆ ಮಾಲೀಕ ಧರ್ಮೇಂದ್ರ.

ಮೀಸೆಯ ಚಿಂತೆ ನನಗಿರಲಿಲ್ಲ ಸಾರ್... ಚಿಂತೆಯೆಲ್ಲ ನನ್ನ ಹಿಂದೆ ನೆಲದ ಮೇಲೆ ಬಿದ್ದಿದ್ದ ಉಕ್ಕಿನ ಕಾಲಿನದು.

ವಿಮಾನದ ಕಾಲು!

ಸಂತೆಬಾಚಹಳ್ಳಿ ರಸ್ತೆಯ ಆಲೆಮನೆ. ಮಟಮಟ ಮಧ್ಯಾಹ್ನ. ಆಳುಗಳು ಊಟಕ್ಕೆ ಹೋಗಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಎತ್ತು ಕಟ್ಟಲು ನೆಟ್ಟಿದ್ದ ಆ ಕಾಲನ್ನು, ನಾನು ಹುಡುಕುತ್ತಿರುವ ಸುದ್ದಿ ಸಿಕ್ಕಿ, ಧರ್ಮೇಂದ್ರ ಅಗೆದು ಕೆಡವಿದ್ದ. ತುಂಡು ಮಾಡಿ ಗುಜರಿಗೆ ಹಾಕುವುದಷ್ಟೇ ಬಾಕಿ.

ನಾನು ಬೋರಯ್ಯ. ಹದಿನೈದು ವರ್ಷ ಏರ್‌ಫೋರ್ಸಿನಲ್ಲಿ ನಟ್ಟು ಬೋಲ್ಟು ತಿರುಗಿಸಿದವನು. ಈಗ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡ್ ಎದುರು ಕೂತು ಜನ ಕಳೆದುಕೊಂಡದ್ದನ್ನು ಹುಡುಕಿಕೊಡುತ್ತೇನೆ. ಎಮ್ಮೆ, ಪಂಪ್‌ಸೆಟ್ಟು, ಓಡಿಹೋದ ಅಳಿಯ... ಎಲ್ಲ ಹುಡುಕಿದ್ದೇನೆ. ಮೂರು ದಿನದ ಹಿಂದೆ ಚಿನಕುರಳಿಯ ಬೈರಮ್ಮ ಬಂದು ಕೇಳಿದ್ದು ಮಾತ್ರ ಬೇರೆ.

"ನನ್ ಗಂಡನ ಹೆಸ್ರು ಹುಡುಕ್ಕೊಡು ಮಗ."

ನಲವತ್ತೈದನೇ ಇಸವಿ. ಎರಡು ಇಂಜಿನ್ನಿನ ಏರ್‌ಫೋರ್ಸ್ ವಿಮಾನವೊಂದು ಚಿನಕುರಳಿ ಹತ್ತಿರದ ಕೆರೆ ಬಯಲಿನಲ್ಲಿ ಬಿತ್ತು. ಮೂರು ಹೆಣ. ಒಂದು ಬೈರಮ್ಮನ ಗಂಡ ಜವರಯ್ಯನದು.

ಆ ಕಾಲದ ವಿಮಾನ ಸಾರ್... ಚಕ್ರ ಇಳಿಸಲು ಮೋಟರಿಲ್ಲ! ಪೈಲಟ್ ಸೀಟಿನ ಪಕ್ಕ ಒಂದು ಹ್ಯಾಂಡಲ್. ಕೈಯಲ್ಲಿ ನೂರ ನಲವತ್ತು ಸುತ್ತು ತಿರುಗಿಸಿದರೆ ಚಕ್ರ ಕೆಳಗೆ. ಅದು ಜವರಯ್ಯನ ಕೆಲಸ. ಇನ್ನೊಂದು ವಿಚಿತ್ರ... ಮಡಚಿದರೂ ಚಕ್ರ ಪೂರ್ತಿ ಒಳಗೆ ಹೋಗುವುದಿಲ್ಲ. ಅರ್ಧ ಹೊರಗೇ ಇಣುಕುತ್ತಿರುತ್ತದೆ.

ತನಿಖೆಗೆ ಬಂದವರಿಗೆ ಸಿಕ್ಕಿದ್ದು ಒಂದೇ ಚಕ್ರ. ಅದು ನೆಲದ ಹೊಡೆತಕ್ಕೆ ಮೇಲಕ್ಕೆ ನುಗ್ಗಿ, ಮಡಚಿಟ್ಟ ಹಾಗೇ ಅರ್ಧ ಇಣುಕುತ್ತಿತ್ತು. ಇನ್ನೊಂದು ಕಾಲು ಚಕ್ರದ ಸಮೇತ ನಾಪತ್ತೆ! 'ಚಕ್ರ ಇಳಿಸುವ ಸ್ಕ್ರೂಗೆ ನಾನೇ ಎಣ್ಣೆ ಹಾಕಿದ್ದೆ, ಎಲ್ಲ ಸರಿಯಿತ್ತು' ಎಂದು ಸಾಕ್ಷಿ ಹೇಳಿದವನು ಆ ವಿಮಾನದ ಫಿಟ್ಟರು ರಂಗಸ್ವಾಮಿ. ಜವರಯ್ಯನ ಜೀವದ ಗೆಳೆಯ.

ತೀರ್ಪು? ಜವರಯ್ಯ ಹೆದರಿ ಕೂತ. ಹ್ಯಾಂಡಲ್ ಮುಟ್ಟಲೇ ಇಲ್ಲ. ಇಬ್ಬರನ್ನು ಕೊಂದ.

ನಮ್ಮ ಕಡೆ ಮೊಮ್ಮಕ್ಕಳಿಗೆ ತಾತನ ಹೆಸರಿಡುವುದು ರೂಢಿ. ಬೈರಮ್ಮನ ಮನೆಯಲ್ಲಿ ಐವತ್ತು ವರ್ಷದಿಂದ ಯಾವ ಮಗುವಿಗೂ ಆ ಹೆಸರಿಟ್ಟಿಲ್ಲ.

"ಈಗ ಮರಿಮಗ ಹುಟ್ಟವ್ನೆ. ಸುಕ್ರವಾರ ಸಂಜೆ ಹೆಸ್ರಿಡೋದು. ಕೊಲೆಗಾರನ ಹೆಸ್ರು ಬ್ಯಾಡ ಅಂತವ್ರೆ ಬೀಗ್ರು" ಅಂದಳು ಬೈರಮ್ಮ. ಆಮೇಲೆ ದನಿ ತಗ್ಗಿಸಿ, "ಮಲಿಕ್ಕಂಡ್ರೆ ಕಟಕಟ ಅಂತದೆ ಮಗ... ಅವ್ನು ಇನ್ನೂ ಹ್ಯಾಂಡ್ಲು ತಿರುಗಿಸ್ತಾನೇ ಅವ್ನೆ" ಅಂದಳು.

ನಾನು ದೆವ್ವ ನಂಬುವವನಲ್ಲ. ಆದರೆ ಅವತ್ತಿನಿಂದ ಆ ಸದ್ದು ನನಗೂ ಕೇಳತೊಡಗಿತು. ಹೇಳಲು ನಾಚಿಕೆ ಸಾರ್... ಹೆದರಿದೆ.

ಶುಕ್ರವಾರ ಬೆಳಗ್ಗೆ ಕಬ್ಬಿನ ಟೈರ್ ಗಾಡಿಯೊಂದು ನನ್ನ ಯೆಜ್ಡಿಯ ಪಕ್ಕ ಹಾದುಹೋಯಿತು. ಎಡಗಡೆ ಲಾರಿ ರಿಮ್ಮು. ಬಲಗಡೆ?

ಲಾರಿಯದಲ್ಲ! ವಿಮಾನದ ಚಕ್ರ!

ಹಿಂದೆ ಬಿದ್ದೆ. ಗಾಡಿ ಇದೇ ಆಲೆಮನೆಗೆ ಬಂತು. ಇಲ್ಲಿ ಕಾಲೂ ಸಿಕ್ಕಿತು! ಅದರೊಳಗಿನ ಸ್ಕ್ರೂ ಅವತ್ತು ಸಿಕ್ಕಿಕೊಂಡ ಜಾಗದಲ್ಲೇ ಕಚ್ಚಿ ನಿಂತಿತ್ತು. ಹ್ಯಾಂಡಲ್ ಒಂದು ಸುತ್ತು ತಿರುಗಿದರೆ ಸ್ಕ್ರೂ ಒಂದು ಥ್ರೆಡ್ಡು, ಅಂದರೆ ಒಂದು ಸುರುಳಿ ಗೆರೆ, ಮುಂದೆ ಹೋಗುತ್ತದೆ. ಬೆರಳಿಟ್ಟು ಎಣಿಸಿದೆ.

ನೂರ ಹನ್ನೆರಡು! ಜವರಯ್ಯ ಅಷ್ಟು ಸುತ್ತು ತಿರುಗಿಸಿದ್ದ, ಮುಂದೆ ಸ್ಕ್ರೂ ಅಲ್ಲಾಡಿರಲಿಲ್ಲ!

ಬೆರಳು ಜಿಡ್ಡಾಯಿತು. ಮೂಸಿದೆ. ಹರಳೆಣ್ಣೆ. ಇವತ್ತು ಹಚ್ಚಿದ್ದೇ. ಎತ್ತು ಕಟ್ಟುವ ಕಂಬಕ್ಕೆ ದಿನಾ ಎಣ್ಣೆ ಹಚ್ಚುವವರು ಯಾರು?

ಅಷ್ಟರಲ್ಲಿ ನೀಲಿ ಉರಿ ಬಂತು.

"ನಿಂಗೇನ್ಲಾ ಸಿಕ್ತದೆ? ನಮ್ಮಪ್ಪನ್ನ ಈ ವಯಸ್ನಲ್ಲಿ ಕಟಕಟೇಲಿ ನಿಲ್ಲಿಸ್ತೀಯ?" ಧರ್ಮೇಂದ್ರ ಉರಿಯನ್ನು ಇನ್ನಷ್ಟು ಹತ್ತಿರ ತಂದ.

"ನಿಮ್ಮಪ್ಪ ಅಂದ್ರೆ... ರಂಗಸ್ವಾಮಿ?"

ಅವನ ಕಣ್ಣು ಒಂದು ಕ್ಷಣ ಬಾಗಿಲ ಕಡೆ ಹೋಯಿತು. ಅಷ್ಟು ಸಾಕು! ಕೊಪ್ಪರಿಗೆಯ ಸೌಟು ಎಳೆದು ಕುದಿಯುವ ಹಾಲು ಎರಚಿದೆ. ಅವನ ಮುಂಗೈ ಬೆಂದಿತು. ಕಟರ್ ಕೆಳಗೆ ಬಿತ್ತು. ಅವನು ಹೊರಗಿನ ನೀರಿನ ತೊಟ್ಟಿಗೆ ಓಡಿದ. ಸಿಲಿಂಡರ್ ತಿರುಪು ಮುಚ್ಚಿದೆ.

ಬಾಗಿಲಲ್ಲಿ ಮುದುಕನೊಬ್ಬ ನಿಂತಿದ್ದ. ಕೈಯಲ್ಲಿ ಎಣ್ಣೆ ಬಟ್ಟಲು.

"ಯಜಮಾನ್ರೆ, ಎಷ್ಟು ವರ್ಷದಿಂದ ಹಚ್ತಾ ಇದೀರಿ?"

"ಅವತ್ತಿಂದ" ಅಂದ ರಂಗಸ್ವಾಮಿ. "ಅವತ್ತು ಬೆಳಿಗ್ಗೆ ಸ್ಕ್ರೂಗೆ ಎಣ್ಣೆ ಹಾಕ್ನಿಲ್ಲ. ನಾಟ್ಕದ ತಾಲೀಮಿಗೆ ಓಗೋ ಆತ್ರ... ಮರ್ತ್‌ಬುಟ್ಟೆ. ಅದ್ಕೇ ಇಮಾನ ಬಿದ್ದಾಗ ಕಿತ್ತೋಗಿದ್ದ ಕಾಲ್ನ ಕಬ್ಬಿನ ಗದ್ದೇಲಿ ಬಚ್ಚಿಟ್ಟೆ."

"ಥ್ರೆಡ್ ಎಣಿಸಿದ್ರಾ?"

"ಧೈರ್ಯ ಬರ್ನಿಲ್ಲ. ಅವ್ನು ತಿರುಗಿಸ್ಲೇ ಇಲ್ಲ ಅಂದ್ಕಂಡೆ. ಅಂಗಂದ್ಕಂಡೇ ಬದುಕ್ಬುಟ್ಟೆ."

"ನೂರ ಹನ್ನೆರಡು."

ಬಟ್ಟಲು ಕೈಜಾರಿತು. ಮುದುಕ ಹೊಸ್ತಿಲ ಮೇಲೆ ಕೂತು ಅತ್ತ. ನನಗೆ ಕನಿಕರ ಬರಲಿಲ್ಲ. ಸಿಟ್ಟು ಬಂತು.

"ಏಳಿ! ಇವತ್ತೇ ಜವರಯ್ಯನ ಮರಿಮಗನಿಗೆ ಹೆಸರಿಡೋದು!"

ನಾನೂ ಮುದುಕನೂ ಸೇರಿ ಕಾಲನ್ನು ಆಲೆಮನೆಯ ಟ್ರೇಲರಿಗೆ ಎತ್ತಿ ಹಾಕಿದೆವು. ಟ್ರಾಕ್ಟರು ನಾನೇ ಓಡಿಸಿದೆ, ಮುದುಕ ಟ್ರೇಲರಿನಲ್ಲಿ. ಹಿಂದೆಯೇ ಧರ್ಮೇಂದ್ರನ ಜೀಪು! ಒಂದು ಗುದ್ದು... ಎರಡು... ಟ್ರೇಲರು ಹಾವಿನಂತೆ ಹೊರಳಿತು. ನಾಲೆ ಸೇತುವೆಯ ಹತ್ತಿರ ಮುಂದೆ ನುಗ್ಗಿ ದಾರಿಗಡ್ಡ ನಿಂತ. ಕೈಯಲ್ಲಿ ಮಚ್ಚು.

"ಇಳಿಯಪ್ಪೋ! ಅದ್ನ ನಾಲೆಗೆ ಹಾಕ್ತೀನಿ!"

ಮುದುಕ ಇಳಿಯಲಿಲ್ಲ. ಕಾಲನ್ನು ತಬ್ಬಿಕೊಂಡು ಕೂತಿದ್ದ.

"ಮೊದ್ಲು ನನ್ನ ಹಾಕ್ಲಾ... ನಂಗೂ ಆ ಹ್ಯಾಂಡ್ಲಿನ ಕಟಕಟ ಸದ್ದು ಕೇಳಿ ಕೇಳಿ ಸಾಕಾಗದೆ."

ಧರ್ಮೇಂದ್ರ ಅಪ್ಪನ ಮುಖ ನೋಡಿದ. ಆಮೇಲೆ ಜೀಪು ಪಕ್ಕಕ್ಕೆ ತೆಗೆದ.

ಸಂಜೆ ಚಿನಕುರಳಿ. ಬೈರಮ್ಮನ ಹಜಾರದಲ್ಲಿ ತೊಟ್ಟಿಲು. ಅಂಗಳದಲ್ಲಿ ವಿಮಾನದ ಕಾಲು. ಬೀಗರು ಒಬ್ಬೊಬ್ಬರೇ ಬಂದು ಥ್ರೆಡ್ಡು ಎಣಿಸಿದರು. ರಂಗಸ್ವಾಮಿ ಎಲ್ಲರೆದುರು ನಡೆದದ್ದು ಹೇಳಿದ.

ಬೈರಮ್ಮ ಅವನತ್ತ ಬೆರಳು ತೋರಿಸಿದಳು.

"ನೀನೇ ಹೇಳು ಮಗೀನ ಕಿವೀಲಿ."

ಮುದುಕ ಬಗ್ಗಿದ. "ಜವರಯ್ಯ... ಜವರಯ್ಯ... ಜವರಯ್ಯ..." ಶಾಸ್ತ್ರಕ್ಕೆ ಮೂರು ಸಲ. ಸೊಂಟ ನೆಟ್ಟಗೆ ಮಾಡಲು ಹೋದ.

"ಮೂರು ಸಾಲ್ದು ಕಣಯ್ಯ" ಅಂದಳು ಬೈರಮ್ಮ. "ಅವ್ನೆಷ್ಟು ತಿರುಗಿಸಿದ್ನೋ, ನೀನೂ ಅಷ್ಟು ಹೇಳು."

ಅವನು ಶುರು ಮಾಡಿದ. ನಾನು ಎಣಿಸುತ್ತಾ ನಿಂತೆ. ಅರವತ್ತರ ಹೊತ್ತಿಗೆ ಗಂಟಲು ಒಣಗಿ ಮಾತು ಸಿಕ್ಕಿಕೊಂಡಿತು. ನನ್ನ ಕಡೆ ನೋಡಿದ.

ನೀರಿನ ಚೊಂಬು ನನ್ನ ಕೈಯಲ್ಲೇ ಇತ್ತು ಸಾರ್... ಕೊಡೋದು ಮರೆತೆ!