ಸಂಕವ್ವ ಮುರಿದ ನೇಮ

ಅಜ್ಜನ ಅಜ್ಜನೂ ಹುಟ್ಟದ ಕಾಲಕ್ಕೆ ತಾವರೆಪಟ್ಟಣವೆಂಬ ರಾಜ್ಯವಿತ್ತು. ಅಲ್ಲಿನ ಹಿರಿಕೆರೆಯಲ್ಲಿ ಕುಚ್ಚು, ಹಾವುಮೀನು, ಗೆಂಡೆ ಎಂಬ ಮೀನುಗಳು ಹಿಂಡುಹಿಂಡಾಗಿ ಬಾಳುತ್ತಿದ್ದವು. ಬೆಸ್ತರಿಗೊಂದು ನೇಮ: ಬಸುರಿ ಮೀನು ಬಲೆಗೆ ಬಿದ್ದರೆ ಮುತ್ತಿಟ್ಟು ನೀರಿಗೆ ಬಿಡಬೇಕು. ಅವರ ಹಿರಿಯಳು ಸಂಕವ್ವ ಹಸಿದು ಮಲಗಿದ ದಿನವೂ ನೇಮ ತಪ್ಪಿದವಳಲ್ಲ.

ಒಂದು ದಿನ ಕರಾಳನೆಂಬ ಮಾಂತ್ರಿಕ ಚಿನ್ನದ ಮೈಯ ಮೀಸೆಮೀನೊಂದನ್ನು ಅರಮನೆಗೆ ತಂದ. "ಪ್ರಭೂ, ಇದೊಂದನ್ನು ಹಿರಿಕೆರೆಗೆ ಬಿಟ್ಟರೆ ಕೆರೆತುಂಬ ಚಿನ್ನ!" ರಾಜ ವೀರಕೇತುವಿನ ಬುದ್ಧಿ ಮೊಣಕಾಲಿನಲ್ಲಿತ್ತು. ಬೆಸ್ತರನ್ನು ಒಂದು ಮಾತೂ ಕೇಳದೆ, ಡೋಲು ಬಾರಿಸಿ ಬಿಟ್ಟೇಬಿಟ್ಟ.

ಮೊದಲ ತಿಂಗಳು ಅದು ಕುಚ್ಚನ್ನೆಲ್ಲ ನುಂಗಿ ಸಂಕವ್ವನ ಬಲೆಗೆ ಬಿತ್ತು. "ಬಸುರಿ ನಾನು, ಬಿಡವ್ವಾ" ಎಂದು ಅತ್ತಿತು. ಬಿಟ್ಟಳು. ಎರಡನೆಯ ತಿಂಗಳು ಹಾವುಮೀನನ್ನೆಲ್ಲ ನುಂಗಿತು. "ಬಸುರಿ ನಾನು, ಬಿಡವ್ವಾ." ಬಿಟ್ಟಳು. ಮೂರನೆಯ ತಿಂಗಳು ಗೆಂಡೆಗಳನ್ನು ನುಂಗಿತು. ಆಗಲೂ ಬಿಟ್ಟಳು, ಅದೂ ಮುತ್ತಿಟ್ಟು!

ಸಂಕವ್ವ ಮನೆಯ ನೀರಿನ ಗುಡಾಣದಲ್ಲಿ ಸಾಕಿದ್ದ ಒಂದು ಜೋಡಿ ಗೆಂಡೆ ಮಾತ್ರ ಉಳಿಯಿತು. ಬೆಸ್ತರ ಕೇರಿಯ ಒಲೆಗಳು ಆರಿದವು. ಅವಳು ಉರಿಯುತ್ತ ಅರಮನೆಗೆ ನುಗ್ಗಿದಳು.

"ದೊರೆ, ನಿಮ್ಮ ಮೀನು ನಮ್ಮ ಕೆರೆ ತಿಂದು ತೇಗ್ತಾ ಐತೆ!"

ಕರಾಳ ನಕ್ಕ. "ಬಸುರಿಯನ್ನು ಕೊಲ್ಲುವೆಯಾ ಮುದುಕಿ? ನಿಮ್ಮ ನೇಮ ತಿಳಿದೇ ಬಸುರಿಯನ್ನು ತಂದೆ. ಅದು ಇರುವ ತನಕ ನನಗೂ ಸಾವಿಲ್ಲ."

ರಾಜ ತನ್ನ ಕಾಲ್ಬೆರಳು ನೋಡುತ್ತ ಕುಳಿತ.

ಸಂಕವ್ವನಿಗೆ ಅವರಿಬ್ಬರಿಗಿಂತ ತನ್ನ ಕೈಗಳ ಮೇಲೇ ಹೆಚ್ಚು ಸಿಟ್ಟು ಬಂತು. ಹಾವಿಗೆ ಹಾಲೆರೆದದ್ದು ಇವೇ ಕೈಗಳು! ಮನೆಗೆ ಬಂದಾಗ ಗುಡಾಣದ ಗೆಂಡೆ ಕೇಳಿತು, "ಅವ್ವಾ, ಆ ನೇಮ ಮಾಡಿದ್ದು ಯಾರನ್ನು ಉಳಿಸಲು?"

ಸಂಕವ್ವ ಬಲೆ, ಮಚ್ಚು ಎತ್ತಿಕೊಂಡು ಕೆರೆಗೆ ನಡೆದಳು.

"ಬಸುರಿ ನಾನು..." ಬಲೆಯೊಳಗಿಂದ ಅಳು ಬಂತು.

"ಗೊತ್ತು ಕಣೇ. ಕುಚ್ಚೂ ಬಸುರಿ, ಗೆಂಡೇನೂ ಬಸುರಿ. ನೀನು ಅವನ್ನ ಬಿಟ್ಟೆಯೇನೇ?"

ಮಚ್ಚು ಬೀಸಿದಳು. ಸೀಳಿದ ಹೊಟ್ಟೆಯಿಂದ ನುಂಗಿದ ಮೀನುಗಳೆಲ್ಲ ಜೀವಂತವಾಗಿ ಜಿಗಿದವು. ಅರಮನೆಯಲ್ಲಿ ಕರಾಳ ಹಿಡಿ ಬೂದಿಯಾದ.

ರಾಜ ಮುತ್ತಿನ ಹಾರ ಹಿಡಿದು ಓಡಿಬಂದ.

"ಹಾರ ಆಚೆ ಇಡಿ. ಮೂರು ತಿಂಗಳಲ್ಲಿ ಅದು ಹಾಕಿದ ಮರಿಗಳು ಇನ್ನೂ ಕೆರೇಲವೆ. ಬಿಟ್ಟೋರೇ ಹಿಡೀಬೇಕು, ಇಳೀರಿ!"

ಕಿರೀಟ ದಡದಲ್ಲಿಟ್ಟು ರಾಜ ಕೆಸರಿಗಿಳಿದ. ಕೊನೆಯ ಮರಿ ಸಿಗುವ ತನಕ, ಮೂರು ವರ್ಷ, ಬಲೆ ಎಳೆದ. ಕೇರಿಯ ಒಲೆಗಳು ಮತ್ತೆ ಹೊತ್ತಿದವು. ಊರೆಲ್ಲ ಉಂಡು ತಣ್ಣಗಿತ್ತು. ನೇಮವೂ ಮರಳಿ ಬಂತು. ಆದರೆ ಸಂಕವ್ವ ಮಾತ್ರ ಮುತ್ತಿಡುವ ಮುಂಚೆ ಮೀಸೆ ಇದೆಯೇ ಎಂದು ಮೀನಿನ ಮುಖ ನೋಡುತ್ತಿದ್ದಳು.