ಮೂರೂವರೆಯ ಕರೆ

ಫೋನಿನ ಪರದೆಯ ಮೇಲೆ ಮೊದಲು ಕಂಡದ್ದು ಯುನೂಸನ ಮುಖವಲ್ಲ, ಬೇರೊಬ್ಬ ಹೆಣ್ಣಿನ ನಗು.

"ಚಾವ್, ರೂಬಿ..." ಎಂದು ತನ್ನ ಭಾಷೆಯಲ್ಲಿ ಸಲಾಂ ಹೇಳಿದಳು ಅವಳು, ಎಷ್ಟೋ ವರ್ಷದ ಗೆಳತಿಯ ಹಾಗೆ.

ಮಗ್ಗದ ಮುಂದೆ ಕೂತಿದ್ದ ರೂಬಿಯ ಕೈಯಲ್ಲಿ ಲಾಳಿ ಅಲ್ಲೇ ನಿಂತಿತು.

"ಇಕಿ ಸಿಲ್ವಿಯಾ. ನನಗ ಮಶೀನ್ ಕಲಸಾಕಿ," ಅಂದ ಯುನೂಸ, ಹಿಂದಿನಿಂದ ಇಣುಕಿ.

ಕಲಿಸುವವರು ಹೆಂಗಸು ಎಂದು ಈ ಎರಡು ತಿಂಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ ಪುಣ್ಯಾತ್ಮ!

ಯುನೂಸ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಪಾಲಿಶ್ ಮಾಡುವವನು. ಹೊಸ ಯಂತ್ರ ಕಲಿತು ಬಾ ಎಂದು ಮಾಲೀಕರು ನಾಲ್ಕು ತಿಂಗಳಿಗೆ ಇಟಲಿಯ ಗುಡ್ಡದ ಒಂದು ಸಣ್ಣ ಊರಿಗೆ ಕಳಿಸಿದ್ದರು. ಜನವರಿ ಕೊನೆಗೆ ರೂಬಿಯ ಜೊತೆ ಅವನ ನಿಕಾಹ್.

ಅಲ್ಲಿ ಹನ್ನೆರಡು ಹೊಡೆದರೆ ಇಲ್ಲಿ ಮೂರೂವರೆ. ಅವನ ಊಟದ ಬಿಡುವು, ಅವಳ ಚಹದ ಹೊತ್ತು. ಅಲ್ಲಿ ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕಿ ಊರಿಗೆ ಊರೇ ಅಡ್ಡಾಗುತ್ತದಂತೆ. ಇಲ್ಲಿ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಕಣ್ಣು ಮುಚ್ಚುವವರು ಯಾರು ಎಂದು ರೂಬಿ ನಗುತ್ತಿದ್ದಳು. ಅಲ್ಲೂ ಮುದುಕರು ಕಟ್ಟೆಗೆ ಕೂತು ಹೋಗಿಬರುವವರ ಸುದ್ದಿ ಆಡುತ್ತಾರೆ ಎಂದಾಗ ಮಾತ್ರ ಅವಳಿಗೆ ಆ ಊರು ತೀರ ಪರದೇಶ ಅನಿಸಿರಲಿಲ್ಲ.

ಸಿಲ್ವಿಯಾ ಕಂಡದ್ದು ಶುಕ್ರವಾರ. ಸೋಮವಾರ ಕರೆ ಬಂದದ್ದು ನಾಲ್ಕೂವರೆಗೆ! ಮಂಗಳವಾರವೂ ಅಷ್ಟೇ. ಬುಧವಾರವೂ.

ಒಂದು ತಾಸು... ಸರಿಯಾಗಿ ಒಂದು ತಾಸು. ಅದು ಯಾರ ಪಾಲಾಗುತ್ತಿದೆ?

ಸಿಲ್ವಿಯಾಳ ಆ ನಗು ಕಣ್ಣ ಮುಂದಿನಿಂದ ಸರಿಯಲೊಲ್ಲದು. ಸೀರೆಯ ದಡಿಯಲ್ಲಿ ಮೂರು ಕಡೆ ಎಳೆ ತಪ್ಪಿತು.

"ದಿನಾ ತಡ ಯಾಕ್ರಿ?" ಬುಧವಾರ ಕೇಳಿಯೇಬಿಟ್ಟಳು.

"ತಡ ಎಲ್ಲೈತಿ? ಮೂರೂವರಿಗೇ ಹಚ್ಚೇನಲ್ಲ."

ಹಾಡಹಗಲೇ ಇಂಥ ಸುಳ್ಳು! ತಡವಾದದ್ದನ್ನು ಮರೆಯಬಹುದಿತ್ತು. ಇದನ್ನು ಹೇಗೆ ಮರೆಯುವುದು? ಅವಳು ಫೋನ್ ಇಟ್ಟು ಸೀದಾ ತಾಯಿಯ ಬಳಿ ಹೋದಳು.

"ಅಮ್ಮಿ, ಈ ಸಂಬಂಧ ಬ್ಯಾಡ. ಕಮತಗಿಗೆ ಹೋಗಿ ಅವ್ರ ಮನ್ಯಾಗ ಹೇಳಿ ಬರ್ರಿ."

ಲಾಲಬಿ ಮಗಳ ಮುಖ ನೋಡಿದಳು. "ನಾಳೆ ಒಂದ್ಸಲ ನೆಟ್ಟಗ ಮಾತಾಡು. ಆಮ್ಯಾಲೂ ಬ್ಯಾಡ ಅಂದ್ರ ಸಂಜಿ ಬಸ್ಸಿಗೆ ಹೊಕ್ಕೇನಿ."

ಗುರುವಾರ. ಮತ್ತೆ ನಾಲ್ಕೂವರೆ.

"ಖರೆ ಹೇಳ್ರಿ. ಆ ಒಂದು ತಾಸು ಅಕಿ ಜೋಡಿ ಇರ್ತೀರಿ, ಹೌದಿಲ್ಲೋ?"

"ಯಾವ ತಾಸು? ಇಲ್ಲಿ ನೋಡು." ಯುನೂಸ ಫೋನನ್ನು ಗೋಡೆಯ ಕಡೆ ತಿರುಗಿಸಿದ. ಎರಡು ಗಡಿಯಾರ. ಒಂದರ ಕೆಳಗೆ ಅವನದೇ ಅಕ್ಷರದಲ್ಲಿ 'ಇಳಕಲ್'. ಅದರಲ್ಲಿ ಮೂರೂವರೆ; ಅಲ್ಲಿಯ ಹೊತ್ತು ತೋರಿಸುವ ಇನ್ನೊಂದರಲ್ಲಿ ಹನ್ನೆರಡು.

ರೂಬಿ ತನ್ನ ಮನೆಯ ಗಡಿಯಾರ ತೋರಿಸಿದಳು. ನಾಲ್ಕೂವರೆ.



ಯುನೂಸ ಸಿಲ್ವಿಯಾಳನ್ನು ಕರೆದು ಕೇಳಿದ. ಅವಳು ಗೋಡೆ ನೋಡಿದಳು, ಫೋನ್ ನೋಡಿದಳು, ಹಣೆ ಬಡಿದುಕೊಂಡಳು.

"ರೂಬಿ," ಅಂದ ಯುನೂಸ, "ಚಳಿಗಾಲ ಬಂದ್ರ ಈ ದೇಶದಾಗ ಗಡಿಯಾರ ಒಂದು ತಾಸು ಹಿಂದಕ್ಕ ತಿರುವತಾರಂತ. ಮೊನ್ನಿ ರವಿವಾರ ತಿರುವ್ಯಾರ. ತಿರುವಬಾರದ ನಮ್ಮ ಇಳಕಲ್ ಗಡಿಯಾರಾನೂ ಇಕಿ ಕೂಡೇ ತಿರುವಿಟ್ಟಾಳ. ನಾ ಗ್ವಾಡಿ ನಂಬಿ ಕುಂತೇನಿ."

ರೂಬಿಗೆ ನಾಚಿಕೆಯಾಯಿತು. ಆದರೂ ಒಳಗಿನ ಸಿಟ್ಟು ಪೂರ್ತಿ ಆರಿರಲಿಲ್ಲ.

"ಕಲಸಾಕಿ ಹೆಂಗಸು ಅಂತ ಯಾಕ ಹೇಳಲಿಲ್ಲ?"

"ಹೆದರಿದ್ನಿ. ನಿನಗ ಹೊಟ್ಟಿಕಿಚ್ಚಾಗ್ತೈತಿ ಅಂತ... ನನಗ ದಿನಾ ಆಗ್ತೈತಲ್ಲ, ಗೊತ್ತೈತಿ ಅದರ ಸಂಕಟ."

"ನಿಮಗ? ಯಾರ ಮ್ಯಾಲ?"

"ನಾ ಏಳೂದ್ರಾಗ ನೀ ಅರ್ಧ ದಿನ ಕಳದಿರ್ತಿ. ಅಷ್ಟೊತ್ತು ನಿನ್ನ ನೋಡಿದವರೆಲ್ಲರ ಮ್ಯಾಲ. ನಿಮ್ಮ ಓಣಿ ಹಾಲಿನಾಂವನ ಮ್ಯಾಲೂ."

ರೂಬಿಯ ಕಣ್ಣು ತುಂಬಿ ಬಂತು. ತಾನೊಬ್ಬಳೇ ಬೇಯುತ್ತಿದ್ದೇನೆ ಅಂದುಕೊಂಡಿದ್ದಳು.

ಬುರ್ಖಾ ತೊಟ್ಟು ಲಾಲಬಿ ಬಾಗಿಲಿಗೆ ಬಂದಳು. "ಬಸ್ಸಿನ ಹೊತ್ತಾತು. ಹೋಗ್ಲೋ, ಬ್ಯಾಡೋ?"

"ಹೋಗ್ರಿ, ಅಮ್ಮಿ."

ಪರದೆಯಲ್ಲಿ ಯುನೂಸನ ಮುಖ ಬಾಡಿತು.

"ಜನವರಿ ತನಕಾ ಯಾಕ, ಇವ್ರು ಬಂದ ವಾರದಾಗ ನಿಕಾಹ್ ಆಗ್ತೈತೇನು, ಕೇಳಿ ಬರ್ರಿ."

ಲಾಲಬಿ ನಗು ಅಡಗಿಸಿಕೊಂಡು ಮೆಟ್ಟಿಲಿಳಿದಳು.

"ರೂಬಿ... ನನ್ನ ಊಟ ತಣ್ಣಗಾತು."

"ಆಗ್ಲಿ," ಅಂದಳು ಅವಳು ಮೆಲ್ಲಗೆ. "ಫೋನ್ ಮಾತ್ರ ಇಡಬ್ಯಾಡ್ರಿ."